ವಿದೇಶದ ಸುದ್ದಿ ಪಕ್ಕ ಒಂದು ಸಣ್ಣ ನಕ್ಷೆ ಹಾಕಿ

ಮಾನ್ಯ ಸಂಪಾದಕರೇ,

ಒಂದು ಕೋರಿಕೆ ಇದೆ. ನಿಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ದಿನಕ್ಕೆ ಒಂದು ಸುದ್ದಿಗಾದರೂ ಒಂದು ಸಣ್ಣ ನಕ್ಷೆ ಹಾಕಿ. ಒಂದು ಕಾಲಂ ಅಗಲ, ಎರಡು ಇಂಚು ಎತ್ತರ ಸಾಕು. ಊರಿನ ಹೆಸರು, ದೇಶದ ಹೆಸರು, ಅಕ್ಕಪಕ್ಕದ ಸಮುದ್ರದ ಹೆಸರು ಎಲ್ಲ ಕನ್ನಡದಲ್ಲಿರಬೇಕು. ದೊಡ್ಡವರಿಗೆ ಇದು ಬೇಕಾಗದೇ ಇರಬಹುದು. ನಾನು ಕೇಳುತ್ತಿರುವುದು ಮಕ್ಕಳಿಗಾಗಿ.

ಯಲ್ಲಾಪುರದ ಕಡೆ ಶಾಲೆಯೊಂದರ ಎದುರು ನಂದೊಂದು ಪುಸ್ತಕ, ಪೆನ್ನು, ಜೆರಾಕ್ಸಿನ ಅಂಗಡಿ ಇದೆ. ನಕ್ಷೆ ಹಾಳೆಗಳನ್ನೂ ಮಾರುತ್ತೇನೆ. ಪರೀಕ್ಷೆ ಹತ್ತಿರ ಬಂದರೆ ಭಾರತದ ನಕ್ಷೆ ಕಟ್ಟುಗಟ್ಟಲೆ ಖರ್ಚಾಗುತ್ತದೆ, ಏಕೆಂದರೆ ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ಅದರ ಮೇಲೆ ಪ್ರಶ್ನೆ ಬರುತ್ತದೆ. ಪ್ರಪಂಚದ ನಕ್ಷೆ ಮಾತ್ರ ಕಟ್ಟು ಬಿಚ್ಚದೆ ಹಾಗೇ ಕೂತಿರುತ್ತದೆ. ಮಕ್ಕಳಿಗೆ ಪ್ರಪಂಚ ಬೇಡ ಅಂತ ಇದರ ಅರ್ಥ ಅಲ್ಲ. ಕೌಂಟರ್ ಮೇಲೆ ಮಾರಾಟಕ್ಕಲ್ಲದ ಒಂದು ಗ್ಲೋಬ್ ಇಟ್ಟಿದ್ದೇನೆ. ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗೆ ಅದರ ಸುತ್ತ ಯಾರಾದರೂ ಇದ್ದೇ ಇರುತ್ತಾರೆ.

ಅವರು ಆಡುವ ಆಟ ನೋಡಬೇಕು ನೀವು. ಒಬ್ಬರು ಗ್ಲೋಬನ್ನು ಜೋರಾಗಿ ತಿರುಗಿಸುತ್ತಾರೆ, ಇನ್ನೊಬ್ಬರು ಕಣ್ಣು ಮುಚ್ಚಿ ಬೆರಳಿಟ್ಟು ನಿಲ್ಲಿಸುತ್ತಾರೆ. ಬೆರಳು ಎಲ್ಲಿ ಬಿತ್ತೋ ಅವರು ಅಲ್ಲಿಗೆ ಹೋಗಬೇಕು. ಜಾಸ್ತಿ ಸಲ ಬೆರಳು ಬೀಳುವುದು ಸಮುದ್ರದಲ್ಲೇ. ಭೂಮಿಯ ಮೇಲ್ಮೈಯಲ್ಲಿ ಶೇ 71ರಷ್ಟು ನೀರಿದೆ ಅಂತ ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದಕ್ಕಿಂತ, ಹತ್ತು ಸಲ ತಿರುಗಿಸಿ ಏಳು ಸಲ ನೀರಿಗೆ ಬಿದ್ದ ಮಗುವಿಗೆ ಅದು ಚೆನ್ನಾಗಿ ಗೊತ್ತಾಗಿರುತ್ತದೆ.

ಒಂದು ಸಲ ಆರನೇ ಕ್ಲಾಸಿನ ಹುಡುಗನೊಬ್ಬನ ಬೆರಳು ದಕ್ಷಿಣ ಅಟ್ಲಾಂಟಿಕ್‌ನ ನಟ್ಟನಡುವೆ ಬಿತ್ತು. ಬೆರಳಿನ ಪಕ್ಕದಲ್ಲಿ ಒಂದು ಚುಕ್ಕಿ. ‘ಅಣ್ಣಾ, ಇಲ್ಲಿ ಯಾರಾದ್ರೂ ಇದಾರಾ?’ ಅಂತ ಕೇಳಿದ. ಅದು ಟ್ರಿಸ್ಟನ್ ಡ ಕೂನಾ ಎಂಬ ದ್ವೀಪ. ಜನ ಇದ್ದಾರೆ, ಮುನ್ನೂರರೊಳಗೆ. ವಿಮಾನ ಇಳಿಯುವ ಜಾಗವೇ ಇಲ್ಲ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಹಡಗು ಹತ್ತಿದರೆ ಸುಮಾರು ಒಂದು ವಾರ ಬೇಕು. 1961ರಲ್ಲಿ ಅಲ್ಲಿನ ಜ್ವಾಲಾಮುಖಿ ಸಿಡಿದು ಊರಿಗೆ ಊರೇ ಇಂಗ್ಲೆಂಡಿಗೆ ಹೋಗಬೇಕಾಯಿತು. ಅಲ್ಲಿ ಎಲ್ಲ ಸೌಕರ್ಯ ಇದ್ದರೂ 1963ರಲ್ಲಿ ಹೆಚ್ಚಿನವರು ವಾಪಸ್ ಬಂದುಬಿಟ್ಟರು. ಇದನ್ನೆಲ್ಲ ಹೇಳಿದಾಗ ಹುಡುಗ ಕೇಳಿದ್ದು ಎರಡೇ ಪ್ರಶ್ನೆ. ಅಲ್ಲಿ ಶಾಲೆ ಇದ್ಯಾ? ಏನು ತಿಂತಾರೆ? ಶಾಲೆ ಇದೆ, ಒಂದೇ ಒಂದು. ಆಲೂಗಡ್ಡೆ ಬೆಳೆಯುತ್ತಾರೆ, ಸಮುದ್ರದಲ್ಲಿ ಸಿಗಡಿ ಜಾತಿಯ ದೊಡ್ಡ ಲಾಬ್‌ಸ್ಟರ್ ಹಿಡಿದು ಮಾರುತ್ತಾರೆ. ಅವನು ಮರುದಿನ ಇನ್ನಿಬ್ಬರನ್ನು ಕರೆದುಕೊಂಡು ಬಂದು, ಅದೇ ಚುಕ್ಕಿ ತೋರಿಸಿ, ಅವರಿಗೆ ತಾನೇ ಪೂರ್ತಿ ಕಥೆ ಹೇಳಿದ.

ಈಗ ತೊಂದರೆ ಏನೆಂದು ಹೇಳುತ್ತೇನೆ. ನನ್ನ ಅಂಗಡಿಗೆ ಬರುವ ಗ್ಲೋಬ್‌ಗಳ ಮೇಲೆ ಎಲ್ಲವೂ ಇಂಗ್ಲಿಷಿನಲ್ಲಿರುತ್ತದೆ, ಅದೂ ಇರುವೆ ಸಾಲಿನಂಥ ಅಕ್ಷರ. ಕನ್ನಡ ಮಾಧ್ಯಮದ ನಾಲ್ಕನೇ ಕ್ಲಾಸಿನ ಮಗು ಅದನ್ನು ಓದಲು ಒದ್ದಾಡುತ್ತದೆ. ಪಕ್ಕದಲ್ಲಿ ಓದಿ ಹೇಳುವವರು ಇಲ್ಲದಿದ್ದರೆ ಮಗುವಿನ ಪಾಲಿಗೆ ಅದು ಬರೀ ಬಣ್ಣದ ಚೆಂಡು. ಶಾಲೆಯ ಪುಸ್ತಕದಲ್ಲಿ ಕನ್ನಡದ ನಕ್ಷೆಗಳಿವೆ, ನಿಜ. ಆದರೆ ಅವು ಪಾಠದ ನಕ್ಷೆಗಳು. ನಿನ್ನೆ ರಾತ್ರಿ ಟಿ.ವಿ.ಯಲ್ಲಿ ಕೇಳಿದ ಊರು ಅದರಲ್ಲಿ ಇರುವುದಿಲ್ಲ. ಆ ಊರನ್ನು ಇವತ್ತು ಬೆಳಿಗ್ಗೆಯೇ ಕನ್ನಡದಲ್ಲಿ ಹೆಸರು ಬರೆದು ತೋರಿಸಲು ಆಗುವುದು, ಹಳ್ಳಿಯ ಹೋಟೆಲಿನ ಬೆಂಚಿನ ತನಕ ಅದನ್ನು ಮುಟ್ಟಿಸಲು ಆಗುವುದು ದಿನಪತ್ರಿಕೆಗೆ ಮಾತ್ರ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಒಂದು ಉದಾಹರಣೆ ಕೊಡುತ್ತೇನೆ. 2024ರ ಜೂನ್ 29, ಟಿ20 ವಿಶ್ವಕಪ್ ಫೈನಲ್. ನಮ್ಮಲ್ಲಿ ರಾತ್ರಿ ಎಂಟು ಗಂಟೆ, ಹೊರಗೆ ಕಪ್ಪು ಕತ್ತಲೆ, ಮಳೆಗಾಲ ಬೇರೆ. ಟಿ.ವಿ.ಯಲ್ಲಿ ನೋಡಿದರೆ ಮೈದಾನದ ತುಂಬ ಬಿಸಿಲು. ಐದನೇ ಕ್ಲಾಸಿನಲ್ಲಿದ್ದ ನನ್ನ ತಂಗಿಯ ಮಗಳಿಗೆ ಮ್ಯಾಚಿಗಿಂತ ಈ ಬಿಸಿಲೇ ದೊಡ್ಡದಾಯಿತು. ‘ಮಾಮಾ, ಅಲ್ಲಿ ಈಗ ಹಗಲು ಹೆಂಗೆ?’ ಮ್ಯಾಚ್ ನಡೆದಿದ್ದು ಬಾರ್ಬಡೋಸ್ ದ್ವೀಪದ ಬ್ರಿಜ್‌ಟೌನ್‌ನಲ್ಲಿ. ಅಲ್ಲಿ ಆಗ ಬೆಳಿಗ್ಗೆ ಹತ್ತೂವರೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಬೆಂಗಳೂರಿಗೂ ಬ್ರಿಜ್‌ಟೌನಿಗೂ ನಡುವೆ ಸುಮಾರು 137 ಡಿಗ್ರಿ ಅಂತರ. ಭಾಗಿಸಿದರೆ ಒಂಬತ್ತು ಗಂಟೆ ಚಿಲ್ಲರೆ, ಗಡಿಯಾರದ ಲೆಕ್ಕದಲ್ಲಿ ಒಂಬತ್ತೂವರೆ. ಟಾರ್ಚ್ ಬಿಟ್ಟು ಗ್ಲೋಬ್ ತಿರುಗಿಸಿ ತೋರಿಸಿದ ಮೇಲೆ ಅವಳಿಗೆ ಅರ್ಥವಾಯಿತು. ಆದರೆ ಅವಳು ಅಲ್ಲಿಗೇ ಬಿಡಲಿಲ್ಲ. ಗ್ಲೋಬಿನ ಮೇಲಿನ ಅಡ್ಡಗೆರೆ ಹಿಡಿದು ಬೆರಳು ಜಾರಿಸುತ್ತಾ ಹೋದವಳು, ಬೆಂಗಳೂರೂ ಬಾರ್ಬಡೋಸೂ ಒಂದೇ ಗೆರೆಯ ಹತ್ತಿರ ಇವೆ ಎಂದು ತಾನೇ ಕಂಡುಹಿಡಿದಳು. ನಿಜವಾಗಿಯೂ ಹಾಗೇ ಇದೆ. ಎರಡೂ 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಆ ದಿನ ತಂಡದ ಕೋಚ್ ಆಗಿದ್ದವರು ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್. ಅರ್ಧ ಭೂಮಿ ಸುತ್ತಿ ಹೋದ ದ್ರಾವಿಡ್ ಅಡ್ಡಗೆರೆಯ ಲೆಕ್ಕದಲ್ಲಿ ತಮ್ಮ ಊರಿನ ಸಾಲಿನಲ್ಲೇ ನಿಂತಿದ್ದರು! ಈ ಮಾತು ಅವಳಿಗೆ ಎಷ್ಟು ಹಿಡಿಸಿತೆಂದರೆ ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು.

ಮರುದಿನದ ಎಲ್ಲ ಪತ್ರಿಕೆಗಳಲ್ಲೂ ಕಪ್ಪಿನ ಫೋಟೊ ಇತ್ತು, ಇರಬೇಕಾದ್ದೇ. ಅದರ ಮೂಲೆಯಲ್ಲಿ ಬಾರ್ಬಡೋಸ್ ಎಲ್ಲಿದೆ ಎಂದು ಒಂದು ಚುಕ್ಕಿ ಇಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ? ಆ ದೇಶ ಪೂರ್ತಿ ಸೇರಿಸಿದರೂ ಸುಮಾರು 430 ಚದರ ಕಿಲೋಮೀಟರ್, ಬೆಂಗಳೂರು ನಗರಕ್ಕಿಂತ ಸಣ್ಣದು. ಗ್ಯಾರಿ ಸೋಬರ್ಸ್ ಹುಟ್ಟಿದ ನೆಲ. ಒಂದೇ ಒಂದು ಸಾಲು ಸಾಕಿತ್ತು.

ಆ ಅಡ್ಡಗೆರೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ರಾಜ್ಯದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದಿಲ್ಲ. ಬೆಂಗಳೂರಿನಿಂದ ಬೆರಳು ಎಡಕ್ಕೆ ಜಾರಿಸಿ. ಹಾಸನ, ಸಕಲೇಶಪುರ, ಮಂಗಳೂರು ಎಲ್ಲ ಆ ಗೆರೆಯ ಮೇಲೋ ಪಕ್ಕದಲ್ಲೋ ಬರುತ್ತವೆ. ಆಮೇಲೆ ಅರಬ್ಬಿ ಸಮುದ್ರ. ಲಕ್ಷದ್ವೀಪ ಎಡಗಡೆ ಕೆಳಗೆ ಉಳಿಯುತ್ತದೆ. ತುಂಬ ದೂರ ನೀರೇ ನೀರು. ಆಮೇಲೆ ಗೆರೆಯ ಕೆಳಗಡೆ ಸೊಕೊತ್ರಾ ದ್ವೀಪ ಸಿಗುತ್ತದೆ. ಕೊಡೆ ಬಿಚ್ಚಿಟ್ಟ ಹಾಗೆ ನಿಲ್ಲುವ, ಕಡಿದರೆ ಕೆಂಪು ಅಂಟು ಸುರಿಸುವ ಮರಗಳು ಇರುವುದು ಅಲ್ಲಿ. ಮುಂದೆ ಯೆಮೆನ್ ದೇಶದ ಏಡನ್. ಮಂಗಳೂರಿನಿಂದ ನೇರ ಪಶ್ಚಿಮಕ್ಕೆ ಹೊರಟ ಹಡಗು ತಿರುಗದೆ ಹೋದರೆ ಹೆಚ್ಚುಕಡಿಮೆ ಏಡನ್ ಬಾಗಿಲಿಗೇ ಮುಟ್ಟುತ್ತದೆ. ಅಲ್ಲಿಂದ ಸ್ವಲ್ಪ ಮೇಲೆ ಕೆಂಪು ಸಮುದ್ರದ ದಡದಲ್ಲಿ ಮೋಖಾ ಎಂಬ ಹಳೆಯ ಬಂದರು ಇದೆ. ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಆ ಬೀಜ ಮೋಖಾದಿಂದ ಬಂತು ಎನ್ನುತ್ತಾರೆ. ಈಗ ನಕ್ಷೆ ನೋಡಿ. ಮೋಖಾ ಮತ್ತು ಚಿಕ್ಕಮಗಳೂರು ಎರಡೂ ಇರುವುದು 13.3 ಡಿಗ್ರಿಯಲ್ಲಿ! ಹವೆ ಬೇರೆ, ಎತ್ತರ ಬೇರೆ, ಮೋಖಾ ಬಂದರಿನಲ್ಲಿ ಕಾಫಿ ಬೆಳೆಯುವುದೂ ಇಲ್ಲ, ಬೆಳೆಯುವುದು ಒಳಗಿನ ಬೆಟ್ಟಗಳಲ್ಲಿ. ಆದರೂ ಅಷ್ಟು ದೂರದ ಎರಡು ಊರು ಒಂದೇ ಸಾಲಿನಲ್ಲಿ ನಿಂತಿರುವುದನ್ನು ನೋಡಿದಾಗ ಮಗುವಿನ ಮುಖ ಅರಳುತ್ತದೆ. ನನಗೂ ಹಾಗೇ ಆಗಿತ್ತು.

ಗೆರೆ ಅಲ್ಲಿಗೆ ನಿಲ್ಲುವುದಿಲ್ಲ. ಎರಿಟ್ರಿಯಾ, ಇಥಿಯೋಪಿಯಾ, ಸುಡಾನ್, ಚಾಡ್, ಮಾಲಿ, ಸೆನೆಗಲ್ ಎಲ್ಲ ದಾಟಿ ಅಟ್ಲಾಂಟಿಕ್ ಸೇರುತ್ತದೆ. ಬಾರ್ಬಡೋಸ್, ನಿಕರಾಗುವಾ, ಆಮೇಲೆ ಮುಗಿಯದಷ್ಟು ಪೆಸಿಫಿಕ್. ಫಿಲಿಪ್ಪೀನ್ಸ್, ವಿಯೆಟ್ನಾಂ, ಕಾಂಬೋಡಿಯಾ, ಥಾಯ್ಲೆಂಡ್, ಮ್ಯಾನ್ಮಾರ್, ಅಂಡಮಾನ್, ಚೆನ್ನೈ, ಮತ್ತೆ ನಮ್ಮ ಕೋಲಾರದ ಕಡೆಯಿಂದ ಒಳಗೆ ಬಂದು ಬೆಂಗಳೂರು. ಒಂದು ವಾರ ದಿನಕ್ಕೊಂದು ತುಂಡಿನಂತೆ ಈ ಗೆರೆಯನ್ನೇ ಹಾಕಿದರೂ ಸಾಕು, ಮಕ್ಕಳು ಕತ್ತರಿಸಿ ಅಂಟಿಸಿಕೊಳ್ಳುತ್ತಾರೆ.

‘ಮೊದಲು ನಮ್ಮೂರು, ನಮ್ಮ ಜಿಲ್ಲೆ ತಿಳಿದುಕೊಳ್ಳಲಿ, ಆಫ್ರಿಕಾ ಆಮೇಲೆ ನೋಡೋಣ’ ಎನ್ನುವವರಿದ್ದಾರೆ. ಹಿರಿಯರು, ಮೇಷ್ಟರುಗಳು ಕೂಡ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನಮ್ಮೂರನ್ನು ತಿಳಿಯಬೇಕಾದರೇ ದೂರದ ಊರು ಬೇಕು. ನಮ್ಮ ಉತ್ತರ ಕನ್ನಡವನ್ನೇ ತೆಗೆದುಕೊಳ್ಳಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಲಿಸ್ಬನ್ ಎಲ್ಲಿದೆ, ಅಲ್ಲಿಂದ ಆಫ್ರಿಕಾ ಸುತ್ತಿ ಬರಲು ಎಷ್ಟು ದೂರ ಎಂದು ತೋರಿಸದೆ, ಒಂದು ಹಿಡಿ ಮೆಣಸಿನ ಕಾಳಿಗೆ ಅಷ್ಟು ಬೆಲೆ ಯಾಕೆ ಬಂತು ಎಂದು ಮಗುವಿಗೆ ಹೇಗೆ ಹೇಳುತ್ತೀರಿ? ಅದೇ ಹಡಗುಗಳ ದಾರಿಯಲ್ಲಿ ಅಮೆರಿಕ ಖಂಡದಿಂದ ಮೆಣಸಿನಕಾಯಿ ಬಂತು, ಬ್ರೆಜಿಲಿನಿಂದ ಗೇರು ಬಂತು. ಇವತ್ತು ಬ್ಯಾಡಗಿ ಇಲ್ಲದೆ ನಮ್ಮ ಸಾರಿಗೆ ಬಣ್ಣ ಬರುವುದಿಲ್ಲ. ಗೇರುಹಣ್ಣಿನ ಕಾಲದಲ್ಲಿ ಬೆಟ್ಟಕ್ಕೆ ಹೋಗದ ಮಕ್ಕಳು ಕರಾವಳಿಯಲ್ಲಿ ಇಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಶಾಲೆಗಳಲ್ಲಿ ಸಿದ್ದಿ ಸಮುದಾಯದ ಮಕ್ಕಳು ಓದುತ್ತಾರೆ. ಅವರ ಹಿರಿಯರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾ ಕಡೆಗೆ ತಂದರು. ತಪ್ಪಿಸಿಕೊಂಡವರು ನಮ್ಮ ಕಾಡು ಸೇರಿ ಇಲ್ಲಿಯವರೇ ಆದರು. ಆ ಮಗು ಗ್ಲೋಬಿನಲ್ಲಿ ಮೊಜಾಂಬಿಕ್ ಕರಾವಳಿಯ ಮೇಲೆ ಬೆರಳಿಟ್ಟರೆ ಅದು ಬರೀ ಸಾಮಾನ್ಯ ಜ್ಞಾನದ ಪ್ರಶ್ನೆಯಲ್ಲ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ ಮಗುವಿಗೂ ಅದು ಗೊತ್ತಾಗಬೇಕು. ಆಗ ಅಡ್ಡಹೆಸರಿಟ್ಟು ಕರೆಯುವುದು ಕಡಿಮೆಯಾಗುತ್ತದೆ ಎಂದು ನಾನು ನಂಬಿದ್ದೇನೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ಕ್ಯಾಂಪ್ ಇದೆ. ಪೇಟೆಗೆ ಬಂದ ಕೆಂಪು ಬಟ್ಟೆಯ ಲಾಮಾಗಳನ್ನು ನಮ್ಮ ಮಕ್ಕಳು ದಿನಾ ನೋಡುತ್ತಾರೆ. ಅವರು ಬಿಟ್ಟು ಬಂದ ಊರು ಹಿಮಾಲಯದ ಆಚೆ ಎಲ್ಲಿದೆ ಎಂದು ತೋರಿಸಿಕೊಟ್ಟವರು ಎಷ್ಟು ಜನ?

ಹಕ್ಕಿಗೂ ಗಾಳಿಗೂ ಇದೇ ಮಾತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ, ತಲೆ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ಹಾರಿ ದಾಟಿ ಬರುವ ಹಕ್ಕಿಗಳವು. ಹಗಲು ಕೆರೆಯಲ್ಲಿ ಕೂತು, ಸಂಜೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಆ ಕೆರೆ 2024ರಲ್ಲಿ, ಜಗತ್ತಿನ ಮಹತ್ವದ ಕೆರೆ-ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಸುದ್ದಿ ಎಲ್ಲ ಕಡೆ ಬಂತು. ಹಕ್ಕಿ ಹಾರಿ ಬಂದ ದಾರಿಯ ನಕ್ಷೆ ನಾನಂತೂ ನೋಡಲಿಲ್ಲ. ಜೂನಿನಲ್ಲಿ ನಮ್ಮ ಘಟ್ಟಕ್ಕೆ ಬಂದು ಬಡಿಯುವ ಮಳೆಗಾಳಿ ಹೊರಡುವುದು ಮಾರಿಷಸ್, ಮಡಗಾಸ್ಕರ್ ಕಡೆಯ ದಕ್ಷಿಣದ ಸಮುದ್ರದಿಂದ. ಅದು ಭೂಮಧ್ಯ ರೇಖೆ ದಾಟಿ, ಸೋಮಾಲಿಯಾ ದಡದ ಹತ್ತಿರ ಬಲಕ್ಕೆ ತಿರುಗಿ ನಮ್ಮ ಕಡೆ ಬರುತ್ತದೆ. ಮುಂಗಾರು ಯಾವತ್ತು ಬರುತ್ತದೆ ಎಂದು ಪ್ರತಿ ವರ್ಷ ಮುಖಪುಟದಲ್ಲಿ ಬರೆಯುತ್ತೀರಿ. ಎಲ್ಲಿಂದ ಬರುತ್ತದೆ ಎಂದು ಬಾಣದ ಗುರುತು ಹಾಕಿ ತೋರಿಸಿದರೆ, ಅಡಿಕೆಗೆ ಔಷಧಿ ಹೊಡೆಯಲು ಮಳೆ ಲೆಕ್ಕ ಹಾಕುವ ಅಪ್ಪನೂ ಮಗಳೂ ಒಟ್ಟಿಗೆ ಕೂತು ನೋಡುತ್ತಾರೆ.

ಫೋನ್ ಇದೆಯಲ್ಲ, ಗೂಗಲ್ ಮ್ಯಾಪ್ ಇದೆಯಲ್ಲ ಎಂದು ನೀವೇ ಕೇಳಬಹುದು. ಫೋನ್ ಬೇಡ ಎಂದು ನಾನು ಹೇಳುತ್ತಿಲ್ಲ, ದಾರಿ ಹುಡುಕಲು ನಾನೂ ಅದನ್ನೇ ಬಳಸುತ್ತೇನೆ. ಆದರೆ ಫೋನಿನಲ್ಲಿ ಮೊದಲು ಹೆಸರು ಟೈಪ್ ಮಾಡಬೇಕು. ಹೆಸರು ಗೊತ್ತಿಲ್ಲದ ಊರನ್ನು ಹೇಗೆ ಹುಡುಕುವುದು? ಅಚ್ಚಾದ ನಕ್ಷೆಯಲ್ಲಿ ಕೇಳಿದ ಊರಿನ ಜೊತೆ ಕೇಳದ ಊರುಗಳೂ ಕಾಣುತ್ತವೆ. ಮಗುವಿನ ಮುಂದಿನ ಪ್ರಶ್ನೆ ಹುಟ್ಟುವುದು ಅಲ್ಲಿಂದ. ಇನ್ನೊಂದು ವಿಷಯ, ಹಳ್ಳಿ ಮನೆಗಳಲ್ಲಿ ಫೋನ್ ಅಪ್ಪನ ಜೇಬಿನಲ್ಲಿರುತ್ತದೆ. ಪೇಪರ್ ಜಗಲಿಯ ಮೇಲೆ ಎಲ್ಲರ ಕೈಗೂ ಸಿಗುವ ಹಾಗೆ ಬಿದ್ದಿರುತ್ತದೆ.

ಚಪ್ಪಟೆ ನಕ್ಷೆಯಲ್ಲೂ ಒಂದು ಕೊರತೆ ಇದೆ, ಅದನ್ನು ಹೇಳಿಬಿಡುತ್ತೇನೆ. ಗೋಡೆಗೆ ಹಾಕುವ ಎಷ್ಟೋ ನಕ್ಷೆಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು. ಹಾಗಾಗಿ ಗ್ಲೋಬ್ ಬೇಕೇ ಬೇಕು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ, ಸುಮಾರು ಹದಿನೇಳು ಗಂಟೆ ವಿಮಾನ ಹಾರಿಸಿಕೊಂಡು ಬಂದರು. ಅಮೆರಿಕದಿಂದ ಬರಲು ಧ್ರುವಕ್ಕೆ ಯಾಕೆ ಹೋಗಬೇಕು ಎಂದು ಹುಡುಗಿಯರು ನನ್ನನ್ನು ಕೇಳಿದ್ದರು. ಹೊಲಿಯುವ ದಾರ ಒಂದು ತುಂಡು ಕೊಟ್ಟೆ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆದರೆ, ದಾರ ತಾನಾಗಿಯೇ ಮೇಲಕ್ಕೆ ಜಾರಿ ಧ್ರುವದ ಹತ್ತಿರ ಹೋಗಿ ನಿಲ್ಲುತ್ತದೆ. ಅದೇ ಅತಿ ಹತ್ತಿರದ ದಾರಿ. ಬೇರೇನೂ ಹೇಳುವ ಅಗತ್ಯವೇ ಬೀಳಲಿಲ್ಲ.

ಆದ್ದರಿಂದ ಈ ಪತ್ರದ ಮೂಲಕ ಸರ್ಕಾರಕ್ಕೂ ಒಂದು ಮಾತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ 2020ರಲ್ಲಿ ಶುರುವಾಯಿತು. ಅದು ಒಳ್ಳೆಯ ಕೆಲಸ, ಮಕ್ಕಳು ಬರುತ್ತಿದ್ದಾರೆ. ಆ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎಂದು ಕರೆಯುತ್ತಾರೆ. ಪ್ರತಿ ಅರಿವು ಕೇಂದ್ರದಲ್ಲೂ ಕನ್ನಡದಲ್ಲಿ ಹೆಸರು ಬರೆದ ಒಂದು ಗ್ಲೋಬ್, ಗೋಡೆಗೆ ಒಂದು ದೊಡ್ಡ ಪ್ರಪಂಚ ನಕ್ಷೆ ಇರಲಿ. ದಯವಿಟ್ಟು ಅದನ್ನು ಗಾಜಿನ ಬೀರುವಿನೊಳಗೆ ಇಟ್ಟು ಬೀಗ ಹಾಕಬೇಡಿ. ಮಕ್ಕಳು ಮುಟ್ಟಿದರೆ ಬಣ್ಣ ಹೋಗುತ್ತದೆ, ಸ್ಟ್ಯಾಂಡ್ ಮುರಿಯುತ್ತದೆ, ನಿಜ. ಮುರಿದರೆ ಹೊಸದು ತರಬೇಕು. ಅದಕ್ಕೆ ಬರುವ ಖರ್ಚು ಪಂಚಾಯಿತಿಗೆ ಭಾರವೇನಲ್ಲ.

ಮನೆಯವರಿಗೂ ಹೇಳುವುದಿದೆ. ಮಗು ‘ಅದು ಎಲ್ಲಿದೆ?’ ಎಂದು ಕೇಳಿದಾಗ ‘ದೂರ, ಫಾರಿನ್’ ಎಂದು ಹೇಳಿ ಸುಮ್ನೆ ಮಾಡಬೇಡಿ. ಭಟ್ಕಳ, ಮಂಗಳೂರು, ಉಡುಪಿ ಕಡೆ ಅಪ್ಪ ದುಬೈನಲ್ಲೋ ಕುವೈತ್‌ನಲ್ಲೋ ಇರುವ ಮನೆಗಳು ಎಷ್ಟೋ ಇವೆ. ಆ ಮಕ್ಕಳಿಗೆ ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್ ಎರಡೂವರೆ ಗಂಟೆ ಹಿಂದೆ ಎಂದು ಯಾರೂ ಕಲಿಸದೆ ಗೊತ್ತಿರುತ್ತದೆ, ಅಪ್ಪನ ಫೋನಿಗೆ ಕಾಯುವುದರಿಂದ. ದೂರ ಎಷ್ಟು, ನಡುವೆ ಏನೇನಿದೆ ಎಂದು ನಕ್ಷೆಯಲ್ಲಿ ತೋರಿಸಿದರೆ ಆ ಕಾಯುವಿಕೆಗೂ ಸ್ವಲ್ಪ ಆಸರೆ ಸಿಗುತ್ತದೆ.

ಸಂಪಾದಕರೇ, ನಿಮ್ಮಲ್ಲಿ ಚಿತ್ರ ಬರೆಯುವವರಿದ್ದಾರೆ. ಚುನಾವಣೆ ಬಂದರೆ ಕ್ಷೇತ್ರವಾರು ನಕ್ಷೆ ಎಷ್ಟು ಚೆನ್ನಾಗಿ ಹಾಕುತ್ತೀರಿ. ಹಾಗಾಗಿ ಇದು ನಿಮ್ಮಿಂದ ಆಗದ ಕೆಲಸವಲ್ಲ. ನಕ್ಷೆಯಲ್ಲಿ ಮೂರು ವಿಷಯ ಮರೆಯಬೇಡಿ. ಸುದ್ದಿಯ ಊರಿನ ಜೊತೆ ಕರ್ನಾಟಕವೂ ಕಾಣಬೇಕು, ಇಲ್ಲದಿದ್ದರೆ ಮಗುವಿಗೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯುವುದಿಲ್ಲ. ದೂರ ಎಷ್ಟು ಕಿಲೋಮೀಟರ್ ಎಂದು ಬರೆಯಿರಿ. ನಮ್ಮಲ್ಲಿ ಬೆಳಿಗ್ಗೆ ಎಂಟಾದಾಗ ಅಲ್ಲಿ ಗಂಟೆ ಎಷ್ಟು ಎಂದೂ ಬರೆಯಿರಿ.

ಮುಂದಿನ ಸಲ ಕೆಂಪು ಸಮುದ್ರದ ಹಡಗುಗಳ ಸುದ್ದಿ ಬಂದಾಗ ಮಂಗಳೂರು ಮತ್ತು ಏಡನ್ ಎರಡನ್ನೂ ಒಂದೇ ನಕ್ಷೆಯಲ್ಲಿ ಹಾಕಿ, ನಡುವೆ ಒಂದು ನೇರ ಗೆರೆ ಎಳೆದು ಶುರು ಮಾಡಬಹುದು. ಬಂದ ದಿನವೇ ಕತ್ತರಿಸಿ, ಮಕ್ಕಳ ಕೈಗೆಟಕುವ ಎತ್ತರದಲ್ಲಿ ನನ್ನ ಅಂಗಡಿಯ ಬಾಗಿಲಿಗೆ ಅಂಟಿಸುತ್ತೇನೆ.

ಇತಿ,
ನಿಮ್ಮ ಓದುಗ,
ಯಲ್ಲಾಪುರ, ಉತ್ತರ ಕನ್ನಡ